ಚೆನ್ನಮ್ಮನ ಪಾಠದಲ್ಲಿ ಡಾಲ್‌ಹೌಸಿಗೇನು ಕೆಲಸ?

ಮಾನ್ಯರೇ,

ಕಿತ್ತೂರು ಉತ್ಸವ ಹತ್ತಿರ ಬಂದಾಗ ಮಕ್ಕಳು ಮೊಬೈಲ್ ನೋಡಿ ಬರೆದು ತರುವ ಪ್ರಬಂಧಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ: ಚೆನ್ನಮ್ಮ ಡಾಲ್‌ಹೌಸಿಯ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿಯ ವಿರುದ್ಧ ಹೋರಾಡಿದಳು ಎಂಬುದು. ಕಾಳಗ ನಡೆದದ್ದು 1824ರ ಅಕ್ಟೋಬರ್ 23ರಂದು. ರಾಣಿ ಸೆರೆಯಲ್ಲೇ ತೀರಿಕೊಂಡದ್ದು 1829ರಲ್ಲಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ! ದತ್ತಕವನ್ನು ಒಪ್ಪದೆ ಕಿತ್ತೂರಿಗೆ ನುಗ್ಗಿ ಸತ್ತವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ವಿಡಿಯೊ ನೋಡಿ ವಿಡಿಯೊ ಮಾಡುವವರಿಂದ ಇಂಥದ್ದೆಲ್ಲ ಹಬ್ಬುತ್ತದೆ.

ಮೂಲ ಆಕರಗಳೇ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವಾಗ ಶಿಕ್ಷಕರು ವಿಡಿಯೊಗೆ ಜೋತುಬೀಳಬೇಕಿಲ್ಲ. 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಬೆಳಗಾವಿ ಸಂಪುಟ (21) ಮತ್ತು ಧಾರವಾಡ ಸಂಪುಟ (22) ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಹುಡುಕುವಾಗ ಇಂಗ್ಲಿಷಿನಲ್ಲಿ ಇಂದಿನ ಕಾಗುಣಿತ ಹಾಕಿದರೆ ಸಿಗದೇ ಹೋಗಬಹುದು. ಆಗಿನವರು ಬರೆದಂತೆ ‘ಧಾರ್ವಾರ್’, ‘ಹುಬ್ಲಿ’, ‘ಬೆಲ್‌ಗಾಮ್’ ಎಂದೇ ಹಾಕಬೇಕು. ಇಡೀ ಸಂಪುಟ ಇಳಿಸಿಕೊಳ್ಳುವುದೂ ಬೇಡ, ಕಡತ ಭಾರ. ಬೇಕಾದ ಎರಡು ಪುಟಗಳ ಸ್ಕ್ರೀನ್‌ಶಾಟ್ ಸಾಕು. ಹಳದಿ ಪುಟವನ್ನು ಹಾಗೇ ಝೆರಾಕ್ಸ್ ಮಾಡಿಸಿದರೆ ಕಪ್ಪಾಗಿ ಅಕ್ಷರವೇ ಕಾಣುವುದಿಲ್ಲ. ಮೊದಲು ಫೋನಿನ ಸ್ಕ್ಯಾನರ್ ಆ್ಯಪ್‌ನಲ್ಲಿ ಕಪ್ಪು-ಬಿಳುಪಿಗೆ ಬದಲಿಸಿ. ತರಗತಿಯಲ್ಲಿ ಒಂದೇ ಪ್ಯಾರಾ ಓದಿ ಕನ್ನಡದಲ್ಲಿ ಹೇಳಿ, ಇದನ್ನು ಬರೆದವರು ಗೆದ್ದವರೋ ಸೋತವರೋ ಎಂದು ಕೇಳಿ ನೋಡಿ. ಅವಧಿ ಮುಗಿದದ್ದೇ ಗೊತ್ತಾಗುವುದಿಲ್ಲ. ಇನ್ನು ರಾಣಿಯ ಮರಣದ ತಾರೀಖು ಕೆಲವು ಕಡೆ ಫೆಬ್ರವರಿ 2, ಕೆಲವು ಕಡೆ 21 ಎಂದಿದೆ. ಅದನ್ನು ಮುಚ್ಚಿಡಬೇಡಿ, ಎರಡನ್ನೂ ಫಲಕದ ಮೇಲೆ ಬರೆಯಿರಿ.

ವಚನಗಳಿಗೆ ‘ವಚನ ಸಂಚಯ’ ಜಾಲತಾಣವಿದೆ. ಪದ ಹಾಕಿದರೆ ಅದು ಬಂದ ವಚನಗಳೆಲ್ಲ ಸಿಗುತ್ತವೆ. ವಚನಕಾರರ ಹೆಸರಿನಿಂದಲೂ ಹುಡುಕಬಹುದು. ಅಕ್ಕಮಹಾದೇವಿಯ ಹತ್ತಿರವೇ ನಿಂತುಬಿಡಬೇಡಿ. ನೂಲುವ ಕಾಯಕದ ಕದಿರ ರೆಮ್ಮವ್ವೆ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ, ಸತ್ಯಕ್ಕ, ಸೂಳೆ ಸಂಕವ್ವೆ ಇವರನ್ನೂ ತೆಗೆಯಿರಿ. ಹನ್ನೆರಡನೆಯ ಶತಮಾನದ ದುಡಿಮೆಯ ಚಿತ್ರ ಸಿಗುವುದು ಅಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ‘ಅಕ್ಕನ ವಚನ’ ಎಂದು ಬರುವ ಸುಭಾಷಿತಗಳಿಗೆ ಸುಲಭದ ಪರೀಕ್ಷೆ ಅಂಕಿತ. ‘ಚೆನ್ನಮಲ್ಲಿಕಾರ್ಜುನ’ ಇಲ್ಲದಿದ್ದರೆ ಅನುಮಾನಿಸಿ, ಇದ್ದರೂ ಸಂಚಯದಲ್ಲಿ ಒಂದು ಸಾಲು ಹಾಕಿ ಖಾತ್ರಿ ಮಾಡಿಕೊಳ್ಳಿ. ಸಾಲು ಸಿಗದಿದ್ದರೆ ಪದ ಬಿಡಿಸಿ ಹುಡುಕಬೇಕು, ಸಂಧಿ ಕೂಡಿದ ರೂಪ ಬೇರೆಯಿರಬಹುದು.

ಗದಗ ಭಾಗದವರಿಗೆ ಲಕ್ಕುಂಡಿ ಇದೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, 1007ರ ಶಾಸನ. ಮುಂಬೈ-ಕರ್ನಾಟಕದ ಶಾಸನಗಳ ಸಂಪುಟವೂ ಸ್ಕ್ಯಾನ್ ಆಗಿ ಸಿಗುತ್ತದೆ. ಹಳಗನ್ನಡ ಮಕ್ಕಳಿಗೆ ಕಷ್ಟ, ಆದ್ದರಿಂದ ಪೂರ್ತಿ ಪಾಠ ಬೇಡ. ಅವಳ ಹೆಸರು, ಬಿರುದು, ದಾನದ ಮಾತು ಇರುವ ಮೂರು ಸಾಲು ಆರಿಸಿ ಕೊಟ್ಟು, ಆ ಪದಗಳಿಗೆ ಗೆರೆ ಹಾಕಲು ಹೇಳಿ.

ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಬಂದರೆ ತೊಡಕು ಬೇರೆ. ಹೆಣ್ಣುಮಕ್ಕಳ ಹೆಸರು ಮದುವೆಯಾದ ಮೇಲೆ ಬದಲಾಗುತ್ತಿತ್ತು, ಇಲ್ಲವೇ ಗಂಡನ ಪುಟದೊಳಗೆ ಒಂದು ಸಾಲಾಗಿ ಉಳಿಯುತ್ತಿತ್ತು. ಹುಬ್ಬಳ್ಳಿಯಲ್ಲಿ ಸೇವಾದಳದ ಮಹಿಳೆಯರನ್ನು ಸಂಘಟಿಸಿದ ಉಮಾಬಾಯಿ ಕುಂದಾಪುರ ಹುಟ್ಟಿದಾಗ ಭವಾನಿ ಗೋಳಿಕೇರಿ. ಹಾವೇರಿ ಸೀಮೆಯ ಸಿದ್ದಮ್ಮ ಮೈಲಾರ ಅವರ ವಿವರಕ್ಕೆ ಪತಿ ಮೈಲಾರ ಮಹಾದೇವಪ್ಪನವರ ಬಗ್ಗೆ ಬಂದದ್ದನ್ನೇ ಜಾಲಾಡಬೇಕು. ಎರಡೂ ಹೆಸರುಗಳಿಂದ, ಕನ್ನಡ-ಇಂಗ್ಲಿಷ್ ಎರಡರಲ್ಲೂ ಹುಡುಕುವುದೇ ದಾರಿ.

ನೆಟ್‌ವರ್ಕ್ ನಂಬಿ ತರಗತಿಗೆ ಹೋಗಬಾರದು ಎಂಬುದು ಹಳ್ಳಿ ಶಾಲೆಯ ಶಿಕ್ಷಕರಿಗೆ ಹೇಳಿಕೊಡಬೇಕಾದ್ದಲ್ಲ. ಆದರೆ ಇಷ್ಟೆಲ್ಲ ಹುಡುಕಾಟವನ್ನು ಪ್ರತಿ ಶಿಕ್ಷಕರೂ ಒಬ್ಬೊಬ್ಬರೇ ಮಾಡುವುದು ದಂಡ. ಧಾರವಾಡ, ಗದಗ, ಹಾವೇರಿಯ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಒಬ್ಬೊಬ್ಬ ಮಹಿಳೆಗೆ ಒಂದು ಹಾಳೆಯಂತೆ ಮೇಲೆ ಮೂಲದ ತುಣುಕು, ಕೆಳಗೆ ಕಠಿಣ ಪದಗಳ ಅರ್ಥ, ಮೂರು ಪ್ರಶ್ನೆ, ಆಕರದ ಪುಟಸಂಖ್ಯೆ ಹಾಕಿ ಪಿಡಿಎಫ್ ಮಾಡಿ ಸರ್ಕಾರಿ ಕಲಿಕಾ ಜಾಲತಾಣ ‘ದೀಕ್ಷಾ’ದಲ್ಲಿ ಏರಿಸಲಿ. ಪುಟಸಂಖ್ಯೆಯನ್ನಂತೂ ಬಿಡಬಾರದು; ಅದಿಲ್ಲದಿದ್ದರೆ ಡಾಲ್‌ಹೌಸಿ ಆ ಹಾಳೆಯೊಳಗೂ ಬಂದು ಕೂರುತ್ತಾನೆ.

– ಇತಿಹಾಸ ಶಿಕ್ಷಕಿಯರು, ಧಾರವಾಡ