ಎಳೆ ವಯಸ್ಸಿನ ಸೊಂಟನೋವನ್ನು ಉಳುಕು ಅಂತ ತಳ್ಳಿಹಾಕಬೇಡಿ

ಮಾನ್ಯ ಸಂಪಾದಕರೇ,

ಕ್ರೀಡಾಪುಟದಲ್ಲಿ ಆಗಾಗ ಒಂದು ಬಗೆಯ ಸುದ್ದಿ ಬರುತ್ತದೆ. ಸೊಂಟನೋವಿದ್ದರೂ ಮಾತ್ರೆ ನುಂಗಿ ಮೈದಾನಕ್ಕಿಳಿದ, ನೋವನ್ನು ಲೆಕ್ಕಿಸದೆ ತಂಡವನ್ನು ಗೆಲ್ಲಿಸಿದ ಹುಡುಗನ ಸುದ್ದಿ. ಓದಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅದನ್ನು ಹದಿನೈದು ಹದಿನಾರರ ಮಕ್ಕಳೂ ಓದುತ್ತಾರೆ, ಅವರ ಕೋಚ್‌ಗಳೂ ಓದುತ್ತಾರೆ, ನೋವು ತಡೆದುಕೊಂಡು ಆಡೋದೇ ಆಟಗಾರನ ಲಕ್ಷಣ ಅಂತ ನಂಬಿಬಿಡುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ವಾರಗಟ್ಟಲೆ ಬಿಡದೆ ಕಾಡುವ ಸೊಂಟನೋವು ಧೈರ್ಯ ತೋರಿಸುವ ಜಾಗವಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೂ ದಯವಿಟ್ಟು ಪೂರ್ತಿ ಹಾಕಿ.

ನಾನು ವೇಗದ ಬೌಲರ್, ಬಲಗೈ. ನನ್ನ ನೋವು ಇದ್ದದ್ದು ಸೊಂಟದ ಎಡಬದಿ, ಬೆರಳಿಟ್ಟು ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ. ಬಗ್ಗಿ ಶೂ ಲೇಸ್ ಕಟ್ಟುವಾಗ ಏನೂ ಆಗುತ್ತಿರಲಿಲ್ಲ. ಎತ್ತರದ ಕ್ಯಾಚ್‌ಗೆ ತಲೆ ಎತ್ತಿ ಕೊಂಚ ಹಿಂದಕ್ಕೆ ಬಾಗಿದರೆ ಸಾಕು, ಚಳಕ್ ಅಂತ ಹಿಡಿಯುತ್ತಿತ್ತು. ಬೌಲಿಂಗ್ ಮಾಡುವಾಗ ಎಡಗಾಲು ಕ್ರೀಸ್‌ನಲ್ಲಿ ಊರುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಎರಡು ದಿನ ಸುಮ್ಮನಿದ್ದರೆ ಕಡಿಮೆಯಾಗುತ್ತಿತ್ತು, ಮತ್ತೆ ಓಡಿದರೆ ಮತ್ತೆ ಅದೇ. ಸುತ್ತಲಿನವರು ಹೇಳಿದ್ದೆಲ್ಲ ಒಂದೇ ಮಾತು: ಸೊಂಟ ಉಳುಕಿದೆ, ಮುಲಾಮು ಹಚ್ಚು, ಶಾಖ ಕೊಡು, ಟೂರ್ನಿ ಮುಗಿಯಲಿ ಆಮೇಲೆ ನೋಡೋಣ. ಎಕ್ಸ್‌ರೇ ತೆಗೆಸಿದಾಗ ಅದರಲ್ಲಿ ಏನೂ ಕಾಣಲಿಲ್ಲ. ಅಲ್ಲಿಗೆ ಕೋಚ್‌ಗೆ ಇದು ಮನಸ್ಸಿನ ನೋವು ಅಂತ ಖಾತ್ರಿಯಾಯಿತು. ಬಹಳ ತಡವಾಗಿ ಎಂಆರ್‌ಐ ಮಾಡಿಸಿದ ಮೇಲೆ ಗೊತ್ತಾಗಿದ್ದು, ಅದು ಸ್ಟ್ರೆಸ್ ಫ್ರ್ಯಾಕ್ಚರ್.

ಇದು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಮಕ್ಕಳ ಸೀಸನ್ ಉಳಿಯುತ್ತದೆ. ಬೆನ್ನೆಲುಬಿನ ಸೊಂಟದ ಭಾಗದಲ್ಲಿ ಒಂದರ ಕೆಳಗೊಂದು ಐದು ಮೂಳೆಗಳಿವೆ. ಪ್ರತಿಯೊಂದರ ಹಿಂಬದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಸೇರಿಸುವ ಸಣ್ಣ ಸೇತುವೆಯಂಥ ಭಾಗ ಇರುತ್ತದೆ. ಹಿಂದಕ್ಕೆ ಬಾಗಿ ತಿರುಚಿದಾಗಲೆಲ್ಲ ಭಾರ ಬೀಳೋದು ಅದರ ಮೇಲೆ. ಒಂದು ಸಲಕ್ಕೆ ಏನೂ ಆಗಲ್ಲ. ಸಾವಿರಾರು ಸಲ, ನಡುವೆ ಮೂಳೆಗೆ ತನ್ನನ್ನು ರಿಪೇರಿ ಮಾಡಿಕೊಳ್ಳೋಕೆ ಬಿಡುವೇ ಕೊಡದೆ ಹೀಗೆ ಮಾಡಿದರೆ ಅಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ಹೆಚ್ಚಾಗಿ ಐದನೇ, ಅಂದರೆ ಎಲ್ಲಕ್ಕಿಂತ ಕೆಳಗಿನ ಮೂಳೆಯಲ್ಲಿ. ಇದಕ್ಕೆ ಸ್ಪಾಂಡಿಲೊಲೈಸಿಸ್ ಅನ್ನುತ್ತಾರೆ. ವಯಸ್ಸಾದವರ ಸವೆತದ ಸ್ಪಾಂಡಿಲೋಸಿಸ್ ಬೇರೆ, ಇದು ಬೇರೆ. ವೇಗದ ಬೌಲರ್‌ಗಳಿಗೆ ಸಾಮಾನ್ಯವಾಗಿ ಬೌಲಿಂಗ್ ಕೈಯ ಎದುರು ಬದಿಯಲ್ಲಿ ಬರುತ್ತದೆ. ಜಿಮ್ನಾಸ್ಟಿಕ್ಸ್, ಡೈವಿಂಗ್, ಜಾವೆಲಿನ್, ಕುಸ್ತಿ, ವೇಟ್‌ಲಿಫ್ಟಿಂಗ್ ಮಾಡುವ ಮಕ್ಕಳಿಗೂ ಬರುತ್ತದೆ.

1995ರಲ್ಲಿ ಅಮೆರಿಕದಲ್ಲಿ ಸೊಂಟನೋವಿನ ಬಗ್ಗೆ ಒಂದು ಅಧ್ಯಯನ ಪ್ರಕಟವಾಗಿತ್ತು. ಕ್ರೀಡಾ ಕ್ಲಿನಿಕ್‌ಗೆ ನೋವು ಅಂತ ಬಂದ 100 ಹದಿಹರೆಯದ ಆಟಗಾರರನ್ನು 100 ದೊಡ್ಡವರ ಜೊತೆ ಹೋಲಿಸಿ ನೋಡಿದ್ದರು. ಮಕ್ಕಳಲ್ಲಿ 47 ಮಂದಿಗೆ ಈ ಬಿರುಕಿನ ತೊಂದರೆ ಇತ್ತು, ದೊಡ್ಡವರಲ್ಲಿ 5 ಮಂದಿಗೆ ಮಾತ್ರ. ಕ್ಲಿನಿಕ್‌ವರೆಗೆ ಹೋದವರ ಲೆಕ್ಕ ಇದು, ಆಡುವ ಎಲ್ಲ ಮಕ್ಕಳ ಲೆಕ್ಕ ಅಲ್ಲ. ಆದರೂ ವಿಷಯ ಅರ್ಥವಾಗುತ್ತದಲ್ವಾ? ನಲವತ್ತರ ಚಿಕ್ಕಪ್ಪನಿಗೆ ಸೊಂಟ ಹಿಡಿದರೆ ಕೊಡುವ ಸಲಹೆಯನ್ನೇ ಹದಿನೈದರ ಹುಡುಗಿಗೂ ಕೊಡೋಕಾಗಲ್ಲ.

ಎಕ್ಸ್‌ರೇ ವಿಷಯ ಇನ್ನೊಮ್ಮೆ ಹೇಳಬೇಕು. ಶುರುವಿನ ಹಂತದ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಹೋಗೋದು ತುಂಬ ಸಾಮಾನ್ಯ. ಆ ಹಂತದಲ್ಲೇ ವಾಸಿಯಾಗುವ ಸಾಧ್ಯತೆ ಜಾಸ್ತಿ, ಆ ಹಂತದಲ್ಲೇ ‘ಏನೂ ಇಲ್ಲ, ಆಡು’ ಅಂತ ಮಗುವನ್ನು ವಾಪಸ್ ಕಳಿಸಿಬಿಡುತ್ತಾರೆ. ಹಾಗಂತ ಸೊಂಟ ನೋಯುವ ಎಲ್ಲರೂ ಓಡಿಹೋಗಿ ಸ್ಕ್ಯಾನ್ ಮಾಡಿಸಿ ಅನ್ನುತ್ತಿಲ್ಲ. ಸ್ಕ್ಯಾನ್ ರಿಪೋರ್ಟ್ ಓದಿ ಸುಮ್ನೆ ಗಾಬರಿಯಾಗುವವರೂ ಇದ್ದಾರೆ. 2015ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯ ಪ್ರಕಾರ ಯಾವ ನೋವೂ ಇಲ್ಲದ ಇಪ್ಪತ್ತರ ವಯಸ್ಸಿನವರಲ್ಲೂ ಶೇ 30ರಷ್ಟು ಜನರ ಸ್ಕ್ಯಾನ್‌ನಲ್ಲಿ ಡಿಸ್ಕ್, ಅಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ, ಉಬ್ಬಿರೋದು ಕಾಣುತ್ತದೆ. ಡಿಸ್ಕ್ ಉಬ್ಬಿದೆ ಅಂತ ರಿಪೋರ್ಟ್‌ನಲ್ಲಿ ಬರೆದ ಮಾತ್ರಕ್ಕೆ ಜೀವನ ಮುಗಿಯಿತು ಅಂದುಕೊಳ್ಳಬೇಕಿಲ್ಲ. ಕ್ರೀಡಾಪಟುಗಳನ್ನು ನೋಡಿ ಅಭ್ಯಾಸವಿರುವ ಡಾಕ್ಟರು ಕೈಯಿಂದ ಮುಟ್ಟಿ, ಹಿಂದೆ ಮುಂದೆ ಬಾಗಿಸಿ, ಯಾವಾಗ ನೋಯುತ್ತದೆ ಅಂತ ಕೇಳಿ, ಆಮೇಲೆ ಯಾವ ಸ್ಕ್ಯಾನ್ ಬೇಕು ಅಂತ ಹೇಳಬೇಕು. ಮೊದಲ ಹೆಜ್ಜೆ ಅದು.

ಎಲ್ಲ ನೋವೂ ಬಿರುಕಿನದೇ ಅಲ್ಲ. ಮುಂದಕ್ಕೆ ಬಗ್ಗಿದಾಗ, ಕೂತಾಗ ಹೆಚ್ಚಾಗಿ ಕಾಲಿಗೆ ಇಳಿಯುವ ನೋವು ಡಿಸ್ಕ್‌ನದ್ದಿರಬಹುದು. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಸೊಂಟ ಬಿಗಿಯಾಗಿದ್ದು, ಓಡಾಡಿದ ಮೇಲೆ ಹಗುರಾಗಿ, ತಿಂಗಳುಗಟ್ಟಲೆ ಹೀಗೇ ನಡೆದರೆ ಅದು ಕೀಲುವಾತದ ಒಂದು ಬಗೆ ಇರಬಹುದು, ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯೋದು ಇದ್ದರೆ ತಡ ಮಾಡಲೇಬಾರದು. ಕಾಲಲ್ಲಿ ಶಕ್ತಿ ಕಡಿಮೆಯಾಗೋದು, ತೊಡೆಗಳ ನಡುವೆ ಜೋಮು ಹಿಡಿಯೋದು, ಮೂತ್ರ ಹಿಡಿತ ತಪ್ಪೋದು ಕಂಡರೆ ಅವತ್ತೇ ಆಸ್ಪತ್ರೆ. ನಾಳೆಗೆ ಬಿಡಬೇಡಿ.

ಇನ್ನು ವಿಶ್ರಾಂತಿ. ಈ ಮಾತನ್ನು ಒಂದೋ ಎರಡು ದಿನದ ರಜೆ ಅಂತ ತಿಳಿಯುತ್ತಾರೆ, ಇಲ್ಲವೇ ಹಾಸಿಗೆ ಹಿಡಿಯೋದು ಅಂತ. ಎರಡೂ ಅಲ್ಲ. ಬಿರುಕು ಇದ್ದರೆ ಬೌಲಿಂಗ್, ಓಟ, ಜಿಗಿತ, ಹಿಂದಕ್ಕೆ ಬಾಗೋದು ಇವನ್ನೆಲ್ಲ ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸು ನಿಲ್ಲಿಸಬೇಕಾಗುತ್ತದೆ, ಪೂರ್ತಿ ಆಟಕ್ಕೆ ಮರಳೋಕೆ ಇನ್ನೂ ಹೆಚ್ಚು ಬೇಕು. ಆದರೆ ಮೈ ಕೆಲಸ ನಿಲ್ಲಿಸಬಾರದು. ನನ್ನ ಫಿಸಿಯೊ ಮೊದಲು ನಡಿಗೆ ಕೊಟ್ಟರು. ಆಮೇಲೆ ಒಂದು ಬದಿಗೆ ಮಲಗಿ ಮೊಣಕೈ ಮೇಲೆ ಮೈ ಎತ್ತಿ ಹಿಡಿಯೋದು. ಕೈ ಮತ್ತು ಮಂಡಿ ಊರಿ ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಚಾಚೋದು ಇನ್ನೊಂದು. ನೋಡೋಕೆ ಮಕ್ಕಳಾಟ. ಆದರೆ ಸೊಂಟದ ಮೇಲೆ ಇಟ್ಟ ನೀರಿನ ಲೋಟ ಅಲ್ಲಾಡಬಾರದು ಅಂದಾಗ ಬೆವರು ಇಳಿಯಿತು. ವೇಗವಾಗಿ ಬೌಲ್ ಮಾಡುವ ಮೈಗೆ ಸೊಂಟವನ್ನು ಅಲ್ಲಾಡದೆ ಹಿಡಿಯೋಕೆ ಬರಲ್ಲ ಅನ್ನೋದು ಅವತ್ತು ಕಣ್ಣಿಗೇ ಕಂಡಿತು. ತೊಡೆಯ ಹಿಂಭಾಗದ ಮತ್ತು ಸೊಂಟದ ಮುಂಭಾಗದ ಸ್ನಾಯುಗಳನ್ನು ಸಡಿಲ ಮಾಡೋದೂ ಇದರಲ್ಲೇ ಸೇರಿತ್ತು, ಯಾಕಂದರೆ ಉದ್ದ ಬೆಳೆಯುವ ವಯಸ್ಸಿನಲ್ಲಿ ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ, ಆ ಬಿಗಿತವೆಲ್ಲ ಸೊಂಟದ ಮೇಲೆ ಬೀಳುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಸೊಂಟನೋವು ಅಂದ ತಕ್ಷಣ ಭುಜಂಗಾಸನ ಮಾಡು ಅನ್ನುವವರು ಬಹಳ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ಕೆಲವು ಬಗೆಯ ನೋವಿಗೆ ಅದು ಆರಾಮ ಕೊಡಬಹುದು, ಆದರೆ ಹಿಂದಕ್ಕೆ ಬಾಗಿದರೆ ನೋಯುವ ಮಗುವಿಗೆ ಹಿಂದಕ್ಕೆ ಬಾಗುವ ವ್ಯಾಯಾಮ ಹೇಳೋದು ಗಾಯದ ಮೇಲೆ ಮತ್ತೆ ಮತ್ತೆ ಒತ್ತಿದ ಹಾಗೇ. ಏನು ನೋವು ಅಂತ ತಿಳಿಯದೆ ಯಾವ ವ್ಯಾಯಾಮವನ್ನೂ ಹೇಳಬೇಡಿ. ನೋವಿನ ಮಾತ್ರೆಯದೂ ಅದೇ ಕಥೆ. ಮ್ಯಾಚ್‌ಗೆ ಮುಂಚೆ ಮಾತ್ರೆ ನುಂಗಿದರೆ ನೋವು ಗೊತ್ತಾಗಲ್ಲ ಅಷ್ಟೇ, ಮೂಳೆಯ ಮೇಲೆ ಬೀಳುವ ಭಾರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲ್ಲ. ದಿನಾ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ಹುಡುಗಿಯರ ಬಗ್ಗೆ ಒಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಪ್ರಾಕ್ಟೀಸ್ ಜಾಸ್ತಿಯಾಗಿ, ಊಟ ಅದಕ್ಕೆ ತಕ್ಕಷ್ಟು ಇಲ್ಲದೆ ಮುಟ್ಟು ತಪ್ಪಿದರೆ ಹಲವು ಕೋಚ್‌ಗಳು, ಕೆಲವು ತಾಯಂದಿರೂ, ಆಡುವ ಹುಡುಗಿಯರಿಗೆ ಇದು ಮಾಮೂಲು ಅನ್ನುತ್ತಾರೆ. ಮಾಮೂಲಲ್ಲ. ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗುತ್ತಿಲ್ಲ ಅನ್ನುವ ಗುರುತು ಅದು, ಮೂಳೆ ತೆಳುವಾಗುವ ದಾರಿ ಅದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ತೊಂದರೆಗೆ ಪ್ರತ್ಯೇಕ ಹೆಸರಿಟ್ಟು ಎಚ್ಚರಿಸಿದೆ, ಹುಡುಗರಿಗೂ ಬರುತ್ತದೆ ಅಂತಲೂ ಹೇಳಿದೆ. ಸೊಂಟನೋವಿನ ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಊಟ, ಮುಟ್ಟು ಎರಡರ ಬಗ್ಗೆಯೂ ಸಂಕೋಚ ಬಿಟ್ಟು ಹೇಳಿ. ನಿದ್ದೆಯೂ ಅಷ್ಟೇ ಮುಖ್ಯ. ಹದಿಹರೆಯದ ಆಟಗಾರರ ಮೇಲೆ ಅಮೆರಿಕದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 8 ಗಂಟೆಗಿಂತ ಕಡಿಮೆ ನಿದ್ದೆ ಮಾಡುವವರು ಗಾಯಗೊಳ್ಳುವ ಸಾಧ್ಯತೆ 1.7 ಪಟ್ಟು ಕಂಡಿತ್ತು. ಬೆಳಗ್ಗೆ ಐದಕ್ಕೆ ಪ್ರಾಕ್ಟೀಸ್, ರಾತ್ರಿ ಹನ್ನೊಂದರವರೆಗೆ ಓದು ಅಂದರೆ ಎಂಟು ಗಂಟೆ ಎಲ್ಲಿಂದ ಬರಬೇಕು?

ನನಗೆ ಹೆಚ್ಚು ಕೋಪ ಬರೋದು ಲೆಕ್ಕದ ವಿಷಯಕ್ಕೆ. ಚೆನ್ನಾಗಿ ಬೌಲ್ ಮಾಡುವ ಮಗು ಶಾಲಾ ತಂಡದಲ್ಲೂ ಆಡುತ್ತದೆ, ಕ್ಲಬ್‌ನಲ್ಲೂ ಆಡುತ್ತದೆ, ವಯೋಮಿತಿ ತಂಡದ ಆಯ್ಕೆಗೂ ಹೋಗುತ್ತದೆ. ಮೂರೂ ಕಡೆ ಮೂರು ಕೋಚ್. ಪ್ರತಿಯೊಬ್ಬರೂ ತಮ್ಮ ಓವರ್ ಮಾತ್ರ ಎಣಿಸುತ್ತಾರೆ, ನೆಟ್ಸ್‌ನಲ್ಲಿ ಹಾಕಿಸಿದ್ದನ್ನು ಯಾರೂ ಎಣಿಸಲ್ಲ. ಮಗುವಿನ ಸೊಂಟ ಮಾತ್ರ ಎಲ್ಲವನ್ನೂ ಕೂಡಿಸುತ್ತಾ ಹೋಗುತ್ತದೆ. ಪರೀಕ್ಷೆ ಅಂತ ತಿಂಗಳು ಬಿಟ್ಟು, ರಜೆಯಲ್ಲಿ ಒಮ್ಮೆಲೇ ದಿನಾ ಬೌಲಿಂಗ್ ಶುರು ಮಾಡೋದು ಇನ್ನೂ ಅಪಾಯ. ಇಂಗ್ಲೆಂಡ್‌ನಲ್ಲಿ ವಯಸ್ಸಿಗೆ ತಕ್ಕಂತೆ ಒಂದು ಸ್ಪೆಲ್‌ಗೆ, ಅಂದರೆ ಬಿಡುವಿಲ್ಲದೆ ಒಂದೇ ಸಲಕ್ಕೆ, ಎಷ್ಟು ಓವರ್, ದಿನಕ್ಕೆ ಎಷ್ಟು ಓವರ್ ಅಂತ ಮಿತಿ ಬರೆದಿಟ್ಟಿದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ವಾರಕ್ಕೆ ಒಂದು ದಿನವಾದರೂ ಬಿಡುವು, ವರ್ಷದಲ್ಲಿ 2-3 ತಿಂಗಳು ಆ ಆಟದಿಂದ ದೂರ ಅಂತ ಹೇಳುತ್ತದೆ. ಇದಕ್ಕೆ ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ. ಮಗುವಿನ ಬ್ಯಾಗ್‌ನಲ್ಲಿ ಒಂದು ನೋಟ್‌ಬುಕ್ ಇಟ್ಟು, ಯಾವ ಕೋಚ್ ಹಾಕಿಸಿದರೂ ಅವತ್ತಿನ ಎಸೆತ ಎಷ್ಟು ಅಂತ ಬರೆಸಿ ಸಹಿ ಹಾಕಿದರೆ ಸಾಕು.

ಬಿಡುವು ತೆಗೆದುಕೊಂಡರೆ ಭವಿಷ್ಯ ಹೋಯಿತು ಅನ್ನುವ ಭಯ ಇದೆಯಲ್ಲ, ಅದಕ್ಕೆ ವೇಗದ ಬೌಲರ್ ಪ್ಯಾಟ್ ಕಮಿನ್ಸ್ ಉದಾಹರಣೆ ಸಾಕು. 2011ರಲ್ಲಿ 18ರ ವಯಸ್ಸಿಗೆ ಮೊದಲ ಟೆಸ್ಟ್ ಆಡಿ ಪಂದ್ಯಶ್ರೇಷ್ಠರಾದರು. ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಸೇರಿದಂತೆ ಒಂದರ ಮೇಲೊಂದು ಗಾಯ. ಎರಡನೇ ಟೆಸ್ಟ್ ಆಡಿದ್ದು 2017ರಲ್ಲಿ. ಆಮೇಲೆ ಆಸ್ಟ್ರೇಲಿಯಾದ ನಾಯಕರಾಗಿ 2023ರ ವಿಶ್ವಕಪ್ ಎತ್ತಿದರು. ನಮ್ಮ ಬೂಮ್ರಾ ಬೆನ್ನಿನ ಗಾಯದಿಂದ 2022ರ ಟಿ20 ವಿಶ್ವಕಪ್ ತಪ್ಪಿಸಿಕೊಂಡರು, 2023ರಲ್ಲಿ ಶಸ್ತ್ರಚಿಕಿತ್ಸೆ ಆಯಿತು, 2024ರ ಟಿ20 ವಿಶ್ವಕಪ್‌ನಲ್ಲಿ ಸರಣಿಶ್ರೇಷ್ಠ. ಇವರ ಹಿಂದೆ ದೊಡ್ಡ ವೈದ್ಯರ ತಂಡ ಇರುತ್ತದೆ, ಒಪ್ಪುತ್ತೇನೆ. ಆದರೆ ಆ ತಂಡವೂ ಕೊನೆಗೆ ಕೊಟ್ಟಿದ್ದರಲ್ಲಿ ದೊಡ್ಡ ಪಾಲು ಸಮಯವೇ.

ಆ ಸಮಯ ಕಳೆಯೋದು ಕಷ್ಟ. ಜೊತೆಯವರು ಆಡುವಾಗ ಬೌಂಡರಿ ಹೊರಗೆ ಕೂತು ನೀರಿನ ಬಾಟಲಿ ಕೊಡುವ ಕೆಲಸ, ಮಾತನಾಡಿಸುವವರೆಲ್ಲ ‘ಇನ್ನೂ ವಾಸಿ ಆಗಿಲ್ವಾ’ ಅಂತ ಕೇಳೋದು, ಹೊರಗೆ ಏನೂ ಕಾಣದ ಗಾಯಕ್ಕೆ ಯಾರೂ ಬೆಲೆ ಕೊಡದಿರೋದು, ಇವೆಲ್ಲ ನೋವಿಗಿಂತ ಜಾಸ್ತಿ ಸುಸ್ತು ಮಾಡಿದವು. ಮೂಳೆ ಕೂಡಿದೆ ಅಂತ ಡಾಕ್ಟರು ಹೇಳಿದ ಮೇಲೂ ಮೈ ನಂಬಲಿಲ್ಲ. ಓಡಿ ಬಂದು ಕ್ರೀಸ್ ಹತ್ತಿರ ತಾನಾಗಿಯೇ ನಿಧಾನವಾಗುತ್ತಿದ್ದೆ. ಬಹಳ ದಿನ ನೋವು ಉಂಡ ನರಗಳು ಗಾಯ ವಾಸಿಯಾದ ಮೇಲೂ ಬೇಗ ಕೂಗಿಕೊಳ್ಳುತ್ತವೆ ಅಂತ ಫಿಸಿಯೊ ವಿವರಿಸಿದರು. ನಿಂತಲ್ಲಿಂದ ಎಸೆತ, ಆಮೇಲೆ ನಾಲ್ಕು ಹೆಜ್ಜೆ, ಆಮೇಲೆ ಅರ್ಧ ರನ್‌ಅಪ್. ವ್ಯಾಯಾಮದ ನಂತರ ಸ್ನಾಯು ಹಿಡಿಯೋದು ಬೇರೆ, ಆ ಹಳೇ ಜಾಗದ ಚಳಕು ಬೇರೆ ಅಂತ ಗುರುತಿಸೋದನ್ನು ಮೆಲ್ಲಗೆ ಕಲಿತೆ. ಈಗಲೂ ಬೌಲ್ ಮಾಡುತ್ತೇನೆ. ಕೆಲವು ದಿನ ಸೊಂಟ ಬಿಗಿಯಾಗಿರುತ್ತದೆ, ಅವತ್ತು ಓವರ್ ಕಡಿಮೆ ಮಾಡುತ್ತೇನೆ.

ಸಂಪಾದಕರೇ, ನಿಮ್ಮಲ್ಲಿ ಎರಡು ಕೋರಿಕೆ. ಎಳೆಯ ಆಟಗಾರರು ನೋವಿನಲ್ಲೇ ಆಡಿದ ಸುದ್ದಿ ಬರೆಯುವಾಗ, ಆ ನೋವು ಎಂದಿನಿಂದ ಇದೆ, ಯಾವ ಡಾಕ್ಟರು ನೋಡಿ ಆಡಬಹುದು ಅಂದರು ಅಂತ ನಿಮ್ಮ ವರದಿಗಾರರು ಕೋಚ್‌ಗೆ ಒಂದು ಪ್ರಶ್ನೆ ಕೇಳಲಿ, ಉತ್ತರ ಏನೇ ಇರಲಿ ಅದನ್ನೂ ಅಚ್ಚು ಹಾಕಿ. ಇನ್ನೊಂದು, ಶಾಲೆಗಳ ಟೂರ್ನಿ ಶುರುವಾಗುವ ಮುಂಚೆ ಒಂದು ಭಾನುವಾರ ಕ್ರೀಡಾ ವೈದ್ಯರೊಬ್ಬರಿಂದ ಮಕ್ಕಳ ಸೊಂಟನೋವಿನ ಪ್ರಶ್ನೆಗಳಿಗೆ ಉತ್ತರ ಬರೆಸಿ. ಎರಡು ಮೂರು ವಾರ ದಾಟಿದ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿಯಾಗುವ ನೋವು, ಈ ಎರಡನ್ನು ದಪ್ಪ ಅಕ್ಷರದಲ್ಲಿ ಹಾಕಿದರೂ ಸಾಕು, ಅದನ್ನು ಕತ್ತರಿಸಿ ಮನೆಯಲ್ಲಿ ತೋರಿಸುವ ಮಕ್ಕಳು ಖಂಡಿತ ಇದ್ದಾರೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು