ಕೂಸನ್ನು ಅವನ ಕೈಗೆ ಕೊಡು

ಶಿರಸಿ,
ಶ್ರಾವಣ, ಮಳೆ ಹೊಳವಾದ ದಿನ

ಚಿ. ಸೌ. ತಂಗಿಗೆ ಚಿಕ್ಕಿಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಮಾತು ಅರ್ಧಕ್ಕೇ ನಿಂತಿತು, ಕೂಸು ಎದ್ದುಬಿಟ್ಟಿತು. ಮತ್ತೆ ಫೋನ್ ಮಾಡೋಣ ಅಂದುಕೊಂಡೆ. ಆದರೆ ನೀನು ಯಾವಾಗ ಮಲಗಿರುತ್ತೀಯೋ, ಯಾವಾಗ ಹಾಲು ಕೊಡುತ್ತಿರುತ್ತೀಯೋ ಇಲ್ಲಿ ಕೂತ ನನಗೆ ಗೊತ್ತಾಗುವುದಿಲ್ಲ. ಪತ್ರವಾದರೆ ಪುರಸೊತ್ತಾದಾಗ ಓದಬಹುದು, ಕೂಸು ಎದ್ದರೆ ಮಡಚಿ ಇಡಬಹುದು. ಅದಕ್ಕೇ ಬರೆಯುತ್ತಿದ್ದೇನೆ.

"ಇವರಿಗೆ ಏನೂ ಬರುವುದಿಲ್ಲ ಚಿಕ್ಕಿ, ಎಲ್ಲ ನಾನೇ ಮಾಡಬೇಕು" ಅಂದೆಯಲ್ಲ. ನಿನ್ನ ದಣಿವು ಸುಳ್ಳಲ್ಲ. ಆದರೆ ನಿನ್ನನ್ನೂ ಕೂಸನ್ನೂ ಮಲ್ಲಾಪುರದ ನಿಮ್ಮ ಮನೆಗೆ ಬಿಡಲು ಬಂದಾಗ ನಾನೊಂದು ಕಂಡೆ. ಅಳಿಯ ಲಂಗೋಟಿ ಕಟ್ಟಲು ಕೂತಿದ್ದ. (ಅಳಿಯನಾದರೂ ನಮ್ಮ ಮಗ ಮಾಣಿಯ ವಾರಿಗೆಯವನು, ಅದಕ್ಕೇ ಏಕವಚನದಲ್ಲಿ ಬರೆಯುತ್ತೇನೆ. ಬೇಸರ ಮಾಡಿಕೊಳ್ಳುವವನಲ್ಲ.) ಒಂದು ಕಡೆಯ ದಾರ ಗಿಡ್ಡವಾಯಿತು. ಸರಿ ಮಾಡಲು ಬಿಚ್ಚಿದ. ಕೂಸು ಕಾಲು ಬಡಿಯಿತು, ಬಟ್ಟೆ ಜಾರಿತು. ಅವನು ನಗುತ್ತಲೇ ಮತ್ತೆ ಶುರು ಮಾಡಿದ. ಅಷ್ಟರಲ್ಲಿ ನೀನು ಒಳಗಿನಿಂದ ಬಂದು, "ಬಿಡಿ, ನಿಮಗೆ ಆಗುವುದಿಲ್ಲ" ಅಂತ ಕೂಸನ್ನು ಎತ್ತಿಕೊಂಡೆ. ಅವನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದ. ಆಮೇಲೆ ಎದ್ದು ಹೋಗಿ ಮೊಬೈಲ್ ಹಿಡಿದುಕೊಂಡ. ನಿನಗೆ ಇದು ನೆನಪೂ ಇರಲಿಕ್ಕಿಲ್ಲ. ನನಗೆ ಮಾತ್ರ ಕರುಳು ಚುರುಕ್ ಎಂದಿತು. ಯಾಕೆ ಅಂತ ಹೇಳುತ್ತೇನೆ. ನಿನ್ನ ಆಯಿಗೂ ನಾನು ಇದನ್ನು ಹೇಳಿದ್ದಿಲ್ಲ.

ನಾನು ಮೂರು ತಿಂಗಳ ಬಾಣಂತನ ಮುಗಿಸಿ ಮಾಣಿಯನ್ನು ಎತ್ತಿಕೊಂಡು ಈ ಮನೆಗೆ ಬಂದಾಗ ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಅಡಿಕೆ. ರಾತ್ರಿ ಹನ್ನೊಂದರ ತನಕ ಸುಲಿಯುವುದು, ಬೆಳಗಾದರೆ ಬೇಯಿಸುವುದು, ಒಣಗಲು ಹರಡುವುದು. ಸುಲಿದವರ ಕೈ ನಿನಗೆ ಗೊತ್ತಲ್ಲ, ಚೊಗರು ಹತ್ತಿ ಬೆರಳೆಲ್ಲ ಕಪ್ಪು. ಒಂದು ಸಂಜೆ ನಿನ್ನ ಚಿಕ್ಕಪ್ಪ ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತಿಕ್ಕಿದರು. ಲಿಂಬೆ ಸಿಪ್ಪೆಯಲ್ಲಿ ಉಜ್ಜಿದರು. ಪಂಚೆಗೆ ಒರೆಸಿಕೊಂಡು ತೊಟ್ಟಿಲ ಹತ್ತಿರ ಬಂದು ಎರಡೂ ಕೈ ಚಾಚಿದರು. ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇತ್ತು. "ಆ ಕೈಯಲ್ಲಿ ಕೂಸನ್ನು ಮುಟ್ಟಬೇಡಿ" ಅಂದೆ. ಅತ್ತೆ ಅಂದಿದ್ದಲ್ಲ, ನಾನೇ ಅಂದಿದ್ದು. ಚೊಗರು ಕೊಳೆಯಲ್ಲ, ಬಣ್ಣ. ತೊಳೆದ ಕೈ ಅದು, ಕೂಸಿಗೆ ಏನೂ ಆಗುತ್ತಿರಲಿಲ್ಲ. ಅವರು ಒಂದು ಸಲ ತಮ್ಮ ಕೈ ನೋಡಿಕೊಂಡರು. ಜಗುಲಿಗೆ ಹೋಗಿ ಕವಳ ಹಾಕುತ್ತ ಕೂತರು.

ಆಮೇಲೆ ಅವರು ಕೇಳಲಿಲ್ಲ. ಮಾಣಿ ನಡೆಯಲು ಕಲಿತ ಮೇಲೆ ಪೇಟೆಗೆ ಕರೆದುಕೊಂಡು ಹೋದರು, ಮಾರಿಕಾಂಬೆ ಜಾತ್ರೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡರು, ಓದಿಸಿದರು. ಯಾವುದಕ್ಕೂ ಕಮ್ಮಿ ಮಾಡಲಿಲ್ಲ. ಆದರೆ ಜ್ವರ ಬಂದ ರಾತ್ರಿ ಮಾಣಿ ಕೂಗುತ್ತಿದ್ದದ್ದು ನನ್ನನ್ನೇ. ಈಗಲೂ ಬೆಂಗಳೂರಿನಿಂದ ಫೋನ್ ಬಂದರೆ ಅಪ್ಪನ ಹತ್ತಿರ "ಮಳೆ ಹೇಗಿದೆ, ಅಡಿಕೆಗೆ ಕೊಳೆ ಬಂತಾ" ಅಂತ ಎರಡು ಮಾತು. ಮುಂದಿನದು "ಆಯಿಗೆ ಕೊಡು". ಚಿಕ್ಕಪ್ಪ ಫೋನನ್ನು ನನ್ನ ಕೈಗಿಟ್ಟು ಅಲ್ಲೇ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಾರೆ. ಅದನ್ನು ನೋಡುವುದು ನನಗೆ ಕಷ್ಟ ತಂಗಿ.

ಅದಕ್ಕೇ ಹೇಳುತ್ತಿದ್ದೇನೆ. ಕೂಸನ್ನು ಅವನ ಕೈಗೆ ಕೊಡು. ಕೊಟ್ಟ ಮೇಲೆ ಪಕ್ಕದಲ್ಲಿ ನಿಂತು ನೋಡಬೇಡ.

ನಿನಗೆ ಬರುವುದು ಅವನಿಗೆ ಬರುವುದಿಲ್ಲ ಅಂದರೆ ಅದರಲ್ಲಿ ಅವನ ತಪ್ಪೇನು? ನೀನು ಮೂರು ತಿಂಗಳು ತವರಿನಲ್ಲಿ ಆಯಿಯ ಹತ್ತಿರ ಒಂದೊಂದೇ ಕಲಿತೆ. ಎತ್ತಿಕೊಳ್ಳುವುದು, ತೇಗಿಸುವುದು, ಅಳುವಿನಲ್ಲಿ ಹಸಿವು ಯಾವುದು ನಿದ್ದೆ ಯಾವುದು ಅಂತ ತಿಳಿಯುವುದು. ಅವನು ರಜೆ ಸಿಕ್ಕಿದ ದಿನ ಬಸ್ಸು ಹತ್ತಿ, ಕುಮಟಾಕ್ಕೆ ಬಂದು, ದೇವಿಮನೆ ಘಟ್ಟ ಹತ್ತಿ ಬರುತ್ತಿದ್ದ. ನಾವು ಅವನಿಗೆ ಬಾಳೆ ಎಲೆ ಹಾಕಿ ಊಟ ಬಡಿಸಿದೆವು. ಕೂಸನ್ನು ಐದು ನಿಮಿಷ ತೋರಿಸಿದೆವು. ಸಂಜೆಗೆ ಬಸ್ಸು. ನಮ್ಮ ಕಡೆಯ ಬಾಣಂತನ ತಾಯಿಗೆ ಒಳ್ಳೆಯದು, ನಾನು ಅದನ್ನು ಬಿಡು ಅನ್ನುವವಳಲ್ಲ. ಆದರೆ ಅದರಲ್ಲಿ ಅಪ್ಪನಾದವನು ನೆಂಟನಾಗಿಬಿಡುತ್ತಾನೆ. ಆ ಮೂರು ತಿಂಗಳನ್ನು ಈಗ ಅವನಿಗೆ ತಿರುಗಿ ಕೊಡಬೇಕು.

ಇನ್ನೊಂದು ಲೆಕ್ಕವೂ ಇದೆ. 26 ವಾರದ ಹೆರಿಗೆ ರಜೆಯಲ್ಲಿ ನಿನಗೆ ಉಳಿದದ್ದು ಎರಡು ತಿಂಗಳು. ಆಮೇಲೆ ನೀನು ಬ್ಯಾಂಕಿಗೆ ಹೋಗಲೇಬೇಕು. ಅವನಿಗೆ ಕೈಗಾದಲ್ಲಿ ಶಿಫ್ಟ್ ಕೆಲಸ, ಎಷ್ಟೋ ಹಗಲು ಮನೆಯಲ್ಲೇ ಇರುತ್ತಾನೆ. ಈಗ ಕಲಿತರೆ ಆಗ ಕೂಸಿಗೂ ಅವನ ಕೈ ಪರಿಚಯವಾಗಿರುತ್ತದೆ.

ಹಾಲು ಕುಡಿಸಲು ಅಪ್ಪನಿಗೆ ಹೇಗೆ ಆಗುತ್ತದೆ ಅಂತೀಯೇನೋ. ನಿನ್ನ ಹಾಲನ್ನೇ ಹಿಂಡಿ ಶುದ್ಧವಾದ ಪಾತ್ರೆಯಲ್ಲಿ ಮುಚ್ಚಿಡು. ಕರಾವಳಿಯ ಸೆಕೆಗೆ ಹೊರಗಿಡಬೇಡ, ಫ್ರಿಜ್ಜಿನ ಒಳಭಾಗದಲ್ಲಿಡು, ಬಾಗಿಲಲ್ಲಲ್ಲ. ಅಲ್ಲಿ ನಾಲ್ಕು ದಿನದವರೆಗೆ ಕೆಡುವುದಿಲ್ಲ. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಕುಡಿಸಲು ಒಳಲೆ, ಅದೇ ಮೂತಿಯಿರುವ ಸಣ್ಣ ಬಟ್ಟಲು, ಕಳಿಸುತ್ತಿದ್ದೇನೆ. ನಿನ್ನ ಅಜ್ಜಿ ನಿನಗೆ ಕುಡಿಸಿದ್ದೇ ಅದು. ದಿನಾ ತೊಳೆದು ಕುದಿಸಬೇಕು. ಅವನಿಗೆ ಹೀಗೆ ಹೇಳು: ಕೂಸನ್ನು ಪೂರಾ ಮಲಗಿಸದೆ ತೊಡೆಯ ಮೇಲೆ ಸ್ವಲ್ಪ ಎತ್ತರಿಸಿ ಕೂರಿಸಿಕೊಳ್ಳಬೇಕು. ಒಳಲೆಯ ಮೂತಿ ಕೆಳದುಟಿಗೆ ತಾಗಬೇಕು. ಹಾಲನ್ನು ಬಾಯಿಗೆ ಹೊಯ್ಯಬಾರದು. ತುಟಿಗೆ ಹಾಲು ತಾಗಿದಾಗ ಕೂಸು ತಾನೇ ನಾಲಿಗೆ ಚಾಚಿ ಎಳೆದುಕೊಳ್ಳುತ್ತದೆ. ನುಂಗಿತು ಅಂತ ನೋಡಿ ಮತ್ತೆ ಒಂದು ಗುಟುಕು. ಮೊದಲ ನಾಲ್ಕು ದಿನ ಅರ್ಧ ಹಾಲು ಕುತ್ತಿಗೆಯಲ್ಲಿ ಇಳಿಯುತ್ತದೆ. ಇಳಿಯಲಿ. ಆಗ ನೀನು ಒಳಗೆ ಹೋಗಿ ಮಲಗು. ನೀನು ಎದುರಿಗಿದ್ದರೆ ಕೂಸು ಒಳಲೆ ಮುಟ್ಟುವುದಿಲ್ಲ, ನಿನ್ನ ವಾಸನೆ ಅದಕ್ಕೆ ಗೊತ್ತು.

ನೈಟ್ ಶಿಫ್ಟ್ ಮುಗಿಸಿ ಬಂದ ಬೆಳಿಗ್ಗೆ ಮಾತ್ರ ಅವನ ಕೈಗೆ ಕೂಸು ಕೊಡಬೇಡ. ಮೊದಲು ಊಟ, ನಿದ್ದೆ. ನಿದ್ದೆಗಣ್ಣಿನಲ್ಲಿ ಸೋಫಾದ ಮೇಲೆ ಕೂಸನ್ನು ಎದೆಗೆ ಹಾಕಿಕೊಂಡು ಒರಗುವುದು ಅಪಾಯ, ಉಸಿರು ಕಟ್ಟಬಹುದು. ಈ ಮಾತು ನಿನಗೂ ಸೇರಿ. ಎದ್ದ ಮೇಲೆ, ಸಂಜೆ ಒಂದು ತಾಸು ಕೂಸು ಪೂರ್ತಿ ಅವನದು. ಆ ತಾಸಿನಲ್ಲಿ ನೀನು ಪಾತ್ರೆ ತೊಳೆಯಲು ಹೋಗಬೇಡ. ಮಲಗು, ಇಲ್ಲವೇ ಹೊಳವಿದ್ದರೆ ನಿನ್ನ ಪಾಡಿಗೆ ರಸ್ತೆಯ ತುದಿಯವರೆಗೆ ನಡೆದು ಬಾ.

ಮೀಯಿಸುವುದನ್ನೂ ಅವನು ಕಲಿಯಲಿ. ಮಣೆಯ ಮೇಲೆ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಮೊಣಕೈ ಅದ್ದಿ ನೀರಿನ ಬಿಸಿ ನೋಡಿ. ತೆಂಗಿನೆಣ್ಣೆ ಮೈಗೆ ಮಾತ್ರ. ಮೂಗಿಗೂ ಕಿವಿಗೂ ಬಿಡುವುದು ಬೇಡ. ನಮ್ಮ ಕಾಲದಲ್ಲಿ ಬಿಡುತ್ತಿದ್ದೆವು, ಅದು ತಪ್ಪು ಅಂತ ಆಮೇಲೆ ಡಾಕ್ಟರು ಹೇಳಿದರು.

ಅವನು ಮಾಡುವ ರೀತಿ ನಿನ್ನ ರೀತಿಯ ಹಾಗೆ ಇರುವುದಿಲ್ಲ. ಅಂಗಿಯ ಗುಂಡಿ ತಪ್ಪುತ್ತದೆ. ಜೋಗುಳಕ್ಕೆ ಯಕ್ಷಗಾನದ ಪದ ಹೇಳುತ್ತಾನೆ. ಕೂಸಿಗೆ ಅದೇ ಇಷ್ಟವಾಗಬಹುದು. ಅವೆಲ್ಲ ಬಿಟ್ಟುಬಿಡು. ಬಿಡಬಾರದ್ದು ಕೆಲವೇ ಇವೆ, ಅವುಗಳಲ್ಲಿ ಇಬ್ಬರೂ ಗಟ್ಟಿಯಾಗಿರಿ. ಆರು ತಿಂಗಳು ತುಂಬುವವರೆಗೆ ತಾಯಿಹಾಲು ಮಾತ್ರ, ನೀರೂ ಬೇಡ. ಬಜೆ ತೇಯ್ದು ನೆಕ್ಕಿಸುವುದು ಬೇಡ. ಒಂದು ವರ್ಷದವರೆಗೆ ಜೇನು ಬೇಡವೇ ಬೇಡ. ನಮ್ಮ ಕಡೆ ಮನೆಮನೆಯಲ್ಲಿ ಜೇನು, ಯಾರಾದರೂ ಪ್ರೀತಿಯಿಂದ ಬೆರಳಿಗೆ ಹಚ್ಚಿ ತಂದೇ ತರುತ್ತಾರೆ. ಎಷ್ಟು ಶುದ್ಧ ಜೇನಾದರೂ ಅದರಲ್ಲಿ ಒಂದು ಬಗೆಯ ರೋಗಾಣು ಇರಬಹುದು. ದೊಡ್ಡವರಿಗೆ ಏನೂ ಆಗದು. ಎಳೆಗೂಸಿನ ಕರುಳಲ್ಲಿ ಅದು ಬೆಳೆದು ವಿಷವಾಗುತ್ತದೆ, ಮೈ ಸೋತುಹೋಗುತ್ತದೆ. ಮಲಗಿಸುವಾಗ ಅಂಗಾತ ಮಲಗಿಸಿ, ತಲೆದಿಂಬು ಬೇಡ. ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದು ಇಲ್ಲೇ ಆಗಿವೆ. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾದ್ದು. ತಾಯಿ ಕಾರ್ಡ್ ಅವನ ಕೈಯಲ್ಲೇ ಕೊಡು, ಆ ದಿನದ ನೆನಪು ಇಡುವ ಕೆಲಸ ಅವನದಾಗಲಿ.

ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಪಾಡು ನನಗೆ ಗೊತ್ತು. ಇಲ್ಲಾದರೆ ಬಚ್ಚಲ ಒಲೆಯ ಮೇಲೆ ಹರವಬಹುದು. ಅಲ್ಲಿ ಫ್ಯಾನೇ ಗತಿ. ಇಸ್ತ್ರಿ ಮಾಡಿ ಹಾಕು. ಹಸಿ ಬಟ್ಟೆ ಹಾಕಿದರೆ ತೊಡೆಸಂದಿ ಕೆಂಪಾಗುತ್ತದೆ. ರಾತ್ರಿಗೆ ಡೈಪರ್ ಹಾಕಿದರೆ ನಾನೇನೂ ಬೈಯುವುದಿಲ್ಲ.

ಈಗ ನಿನ್ನ ಅಳುವಿನ ವಿಚಾರ. ಹೆತ್ತ ಮೊದಲ ಎರಡು ವಾರ ಸುಮ್ಸುಮ್ನೆ ಅಳು ಬರುವುದು ಎಷ್ಟೋ ಜನಕ್ಕೆ ಇದೆ, ತಾನಾಗಿ ಹೋಗುತ್ತದೆ. ನಿನಗೆ ನಾಲ್ಕು ತಿಂಗಳಾಯಿತು. ಅದು ಬರೀ ನಿದ್ದೆಗೆಟ್ಟ ಅಳುವಾ, ಅಥವಾ ಯಾವುದೂ ಬೇಡ, ಕೂಸನ್ನು ನೋಡಿದರೂ ಏನೂ ಅನ್ನಿಸುವುದಿಲ್ಲ ಅನ್ನುವಂಥದ್ದಾ? ನಿನ್ನನ್ನು ನೀನೇ ಸರಿಯಾಗಿ ಕೇಳಿಕೋ. ಎರಡನೆಯದಾದರೆ ಅದು ಕಾಯಿಲೆ, ಮದ್ದಿದೆ, ಡಾಕ್ಟರಿಗೆ ಹೇಳಲೇಬೇಕು. ಹಿಂದೆ ಬಾಣಂತಿ ಸನ್ನಿ ಅಂತ ಪಿಸುಗುಟ್ಟಿ ಕೋಣೆಯಲ್ಲಿ ಕೂರಿಸುತ್ತಿದ್ದರು. ಈಗ ಯಾರೂ ಹಾಗೆ ಬಾಯಿ ಮುಚ್ಚಿಕೊಂಡು ಇರಬೇಕಾಗಿಲ್ಲ. ಸರ್ಕಾರದ ಟೆಲಿ-ಮಾನಸ್ ಫೋನ್ ಇದೆ, 14416. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಅಳಿಯನೂ ಬರೆದುಕೊಳ್ಳಲಿ. ಮತ್ತೆ, ಕೂಸು ಅತ್ತು ಅತ್ತು ನಿನಗೆ ಸಿಟ್ಟು ನೆತ್ತಿಗೇರಿದರೆ, ಕುಲುಕಬೇಡ ತಂಗಿ, ಯಾವತ್ತೂ ಕುಲುಕಬೇಡ. ತೊಟ್ಟಿಲಲ್ಲಿ ಮಲಗಿಸಿ ಐದು ನಿಮಿಷ ಹೊರಗೆ ಬಂದು ನಿಲ್ಲು. ಅಷ್ಟು ಹೊತ್ತು ಅತ್ತರೆ ಅದಕ್ಕೇನೂ ಆಗುವುದಿಲ್ಲ. ಅವನಿಗೂ ಇದನ್ನು ಹೇಳಿಡು.

ಗಂಡ ಹೆಂಡತಿಯ ನಡುವಿನ ಒಂದು ಮಾತು. ಚಿಕ್ಕಿಯಾಗಿ ನಾನೇ ಹೇಳಬೇಕು, ನಿನ್ನ ಆಯಿ ನಾಚಿಕೊಳ್ಳುತ್ತಾಳೆ. ಹಾಲು ಕುಡಿಸುತ್ತಿದ್ದೇನೆ, ಮುಟ್ಟು ಬಂದಿಲ್ಲ, ಏನೂ ಆಗದು ಅಂತ ನಂಬಿ ಕೂರಬೇಡ. ಹಾಗೆ ನಂಬಿದವರಿಗೂ ಬಸಿರು ನಿಂತದ್ದಿದೆ. ಇಬ್ಬರೂ ಒಟ್ಟಿಗೆ ಹೋಗಿ ಡಾಕ್ಟರ ಹತ್ತಿರ ಮಾತಾಡಿ ಬನ್ನಿ. ನಿನ್ನ ಮೈ ಇನ್ನೂ ಒಪ್ಪುತ್ತಿಲ್ಲ ಅಂದರೆ ಅದನ್ನೂ ಅವನಿಗೆ ಬಾಯಿಬಿಟ್ಟು ಹೇಳು. ಮುಖ ತಿರುಗಿಸಿ ಮಲಗಿದರೆ ಅವನು ಬೇರೆಯೇ ಏನೋ ತಿಳಿದುಕೊಳ್ಳುತ್ತಾನೆ.

ರಾತ್ರಿ ಯಾರು ಎಷ್ಟು ಸಲ ಎದ್ದರು ಅಂತ ಬೆಳಿಗ್ಗೆ ಲೆಕ್ಕ ಒಪ್ಪಿಸಬೇಡಿ. ಶಿಫ್ಟ್ ಇಲ್ಲದ ದಿನ ಒಂದು ಹೊತ್ತಾದರೂ ಒಟ್ಟಿಗೆ ಕೂತು ಉಣ್ಣಿ. ಕೂಸು ಕಾಲ ಬಳಿ ಇದ್ದರೂ ಅಡ್ಡಿಯಿಲ್ಲ.

ಪಾರ್ಸೆಲ್ಲಿನಲ್ಲಿ ಒಳಲೆಯ ಜೊತೆ ಅಳವಿ ಉಂಡೆ, ಒಂದು ಬಾಟಲಿ ತುಪ್ಪ ಇದೆ. ಚಿಕ್ಕಪ್ಪನ ಹಳೇ ಪಂಚೆ ಹರಿದು ಲಂಗೋಟಿ ಹೊಲಿದಿದ್ದೇನೆ, ಹನ್ನೆರಡು ಇವೆ. ತೊಳೆದೂ ತೊಳೆದೂ ಮೆತ್ತಗಾದ ಬಟ್ಟೆ. ಎರಡೂ ಕಡೆಯ ದಾರ ಬೇಕೆಂದೇ ಉದ್ದ ಇಟ್ಟಿದ್ದೇನೆ, ಅಳಿಯನಿಗೆ ಕಟ್ಟಲು ಸುಲಭವಾಗಲಿ ಅಂತ.

ಚೌತಿ ಮುಗಿಸಿ ನಾವಿಬ್ಬರೂ ಬರುತ್ತೇವೆ. ಚಿಕ್ಕಪ್ಪ ಈಗಿನಿಂದಲೇ ಬಸ್ಸಿನ ಹೊತ್ತು ವಿಚಾರಿಸುತ್ತಿದ್ದಾರೆ. ಅವರು ಬಂದು ಕೂತ ಕೂಡಲೇ ಆಸರಿ ಕೊಡುವ ಮೊದಲು ಕೂಸನ್ನು ಅವರ ಮಡಿಲಿಗೆ ಹಾಕು. ನೀನೇ ಹಾಕು. ಅವರಾಗಿ ಕೇಳುವವರಲ್ಲ.

ನಿನ್ನ
ಚಿಕ್ಕಿ