ನನಗೆ ಓದಿ ಹೇಳಿದವರಿಗೆ

ನಿನ್ನೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹದಿಮೂರನೆಯ ಕಂತಿನ ಕೊನೆಯ ದೃಶ್ಯ ಮುಗಿಯಿತು. ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಯನ್ನು ಟಿವಿಗೆಂದು ಹೊಂದಿಸಿದ ಚಿತ್ರಕಥೆ, 312 ಪುಟ, ಮಾಳಮಡ್ಡಿಯ ನಮ್ಮ ಮನೆಯ ಮೇಜಿನ ಮೇಲೆ ಕೂತಿದೆ. ಇಪ್ಪತ್ತೆಂಟು ವರ್ಷದಿಂದ ಹಳೆಯ ಕಾದಂಬರಿಗಳನ್ನು ಕಂತುಗಳಾಗಿ ಬಿಡಿಸುವುದೇ ನನ್ನ ಕೆಲಸ. ಇಷ್ಟು ವರ್ಷದಲ್ಲಿ ನಾನು ಕಣ್ಣಿಟ್ಟು ಓದದೆ ಬರೆದದ್ದು ಇದೊಂದೇ. ಓದಿದವರು ಬೇರೆಯವರು. ಅವರಿಗೆ ಎಲ್ಲರ ಎದುರಿಗೆ ನಮಸ್ಕಾರ ಹೇಳದಿದ್ದರೆ ನನಗೆ ನಿದ್ದೆ ಬಾರದು.

ಕಳೆದ ವರ್ಷ ದಸರೆಯ ಮುಂಚೆ ಎಡಗಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದಂತಾಗತೊಡಗಿತು. ಆಮೇಲೆ ಕಪ್ಪು ನೊಣಗಳು ಹಾರಾಡಿದಂತೆ. ಮೂರನೆಯ ದಿನ ಕೆಳಗಿನಿಂದ ಯಾರೋ ಪರದೆ ಎಳೆಯುತ್ತಿರುವ ಹಾಗೆ ಅರ್ಧ ಪುಟವೇ ಕಾಣದಾಯಿತು. ಬಲಗಣ್ಣು ಚಿಕ್ಕಂದಿನಿಂದಲೇ ಮಂದ. ಹಿತ್ತಲ ಮನೆಯ ಹುಡುಗ ಮರುದಿನ ಪರೀಕ್ಷೆ ಇಟ್ಟುಕೊಂಡೂ ರಾತ್ರಿಯೇ ಕಾರು ತೆಗೆದು ಹುಬ್ಬಳ್ಳಿಗೆ ಕರೆದೊಯ್ದ. ಕಣ್ಣಿನ ಒಳಗೋಡೆಗೆ ಅಂಟಿರುವ ತೆಳು ಪದರ, ಅಕ್ಷಿಪಟಲ, ಕಿತ್ತುಕೊಂಡಿತ್ತು. ಶಸ್ತ್ರಚಿಕಿತ್ಸೆ ಮಾಡಿ ಕಣ್ಣೊಳಗೆ ಅನಿಲದ ಗುಳ್ಳೆ ತುಂಬಿದರು. ಗುಳ್ಳೆ ಮೇಲಕ್ಕೆ ತೇಲಿ ಪಟಲವನ್ನು ಗೋಡೆಗೆ ಒತ್ತಿ ಹಿಡಿಯಬೇಕಾದರೆ ನಾನು ಮುಖ ಕೆಳಗೆ ಮಾಡಿಯೇ ಇರಬೇಕು. ಊಟ, ನಿದ್ದೆ, ಬಂದವರ ಜೊತೆ ಮಾತು, ಎಲ್ಲಾ ನೆಲ ನೋಡುತ್ತಲೇ. ‘ಬಾಯಾರ, ಇನ್ನೆರಡು ದಿನಾ ತಡಾ ಮಾಡಿದ್ರ ನನ್ನ ಕೈಯಾಗ ಏನೂ ಇರ್ತಿದ್ದಿಲ್ಲ’ ಅಂದ ಆ ವೈದ್ಯರಿಗೂ, ಪರೀಕ್ಷೆಗೆ ನಿದ್ದೆಗಣ್ಣಲ್ಲಿ ಹೋದ ಆ ಹುಡುಗನಿಗೂ ನನ್ನ ಕಣ್ಣೇ ಸಾಕ್ಷಿ.

ಕಣ್ಣು ಉಳಿಯಿತು, ಓದು ಉಳಿಯಲಿಲ್ಲ. ಏಳೆಂಟು ತಿಂಗಳು ಅಕ್ಷರಗಳು ನೀರಿನಲ್ಲಿ ಅಲುಗಾಡುವಂತೆ ಕಾಣುತ್ತಿದ್ದವು. ಆ ಹೊತ್ತಿಗೆ ನನ್ನ ಕೈಯಲ್ಲಿದ್ದ ಇನ್ನೊಂದು ಧಾರಾವಾಹಿಯನ್ನು ಅದನ್ನು ಮಾಡಿಸುತ್ತಿದ್ದವರು ಒಂದು ಮಾತೂ ಹೇಳದೆ ಬೇರೆಯವರಿಗೆ ಕೊಟ್ಟರು. ಆ ನೋವನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಅದೇ ವಾರ, ಬೇಡವೆಂದರೂ ಬಂದು ಬಾಗಿಲು ಬಡಿದವರು ಕಾಕಾ.

ಕಾಕಾ ಮೂವತ್ತೈದು ವರ್ಷ ಧಾರವಾಡದ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸಿದ ಕಂಪೋಜಿಟರ್. ‘ನಾ ಮೊಳಿ ಜೋಡಸಾವ್ರೀ, ಓದಾವಲ್ಲ’ ಅನ್ನುತ್ತಲೇ ದಿನಾ ಮೂರು ಗಂಟೆಗೆ ಬಂದು ಐದರವರೆಗೆ ಓದಿದರು. ಅವರಂಥ ಓದು ನಾನು ಎಲ್ಲೂ ಕೇಳಿಲ್ಲ. ತಲೆಕೆಳಗಾದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಇಟ್ಟ ಮನುಷ್ಯ. ಅಲ್ಪವಿರಾಮವನ್ನೂ ಕೈಯಿಂದ ಮುಟ್ಟಿದವರು. ಹಾಗಾಗಿ ಅವರ ಓದಿನಲ್ಲಿ ಒಂದು ವಿರಾಮವೂ ಬಿದ್ದು ಹೋಗುತ್ತಿರಲಿಲ್ಲ. ಅಲ್ಪವಿರಾಮಕ್ಕೆ ಒಂದು ಉಸಿರು, ಪೂರ್ಣವಿರಾಮಕ್ಕೆ ಕನ್ನಡಕ ಸರಿಮಾಡಿಕೊಳ್ಳುವಷ್ಟು ಹೊತ್ತು. ಎಲ್ಲಿ ಅವರ ದನಿ ದಣಿಯುತ್ತಿತ್ತೋ ಅಲ್ಲಿ ದೃಶ್ಯ ಉದ್ದವಾಗಿದೆ ಎಂದು ನನಗೆ ತಿಳಿಯುತ್ತಿತ್ತು. ಎಲ್ಲಿ ಚಹಾ ಆರಿದ್ದೂ ಗೊತ್ತಾಗದೆ ಓದುತ್ತಿದ್ದರೋ ಅಲ್ಲಿ ಕಂತು ನಿಲ್ಲಿಸಬೇಕೆಂದು ಗುರುತು ಹಾಕಿಸುತ್ತಿದ್ದೆ. ಅರ್ಧ ಗಂಟೆಯ ಕಂತೆಂದರೆ ಜಾಹೀರಾತು ಕಳೆದು ಕಥೆಗೆ ಸಿಗುವುದು ಇಪ್ಪತ್ತೆರಡು ಇಪ್ಪತ್ತಮೂರು ನಿಮಿಷ. ಎಲ್ಲಿ ಕತ್ತರಿಸಬೇಕೆಂಬುದೇ ಅರ್ಧ ಕೆಲಸ. ಅದನ್ನು ಈ ಸಲ ಕಾಕಾ ಮಾಡಿದರು, ತಮಗೆ ಗೊತ್ತಿಲ್ಲದೆ.

ಇನ್ನೊಂದು ದೊಡ್ಡ ಉಪಕಾರವಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಗಳಗನಾಥರು ಕಥೆ ಹೇಳುತ್ತ ನಡುವೆ ನಿಂತು ‘ವಾಚಕರೇ’ ಎಂದು ನಮ್ಮನ್ನೇ ಮಾತಾಡಿಸುತ್ತಾರೆ. ಟಿವಿಗೆ ಬರೆಯುವವರು ಮೊದಲು ಕಿತ್ತುಹಾಕುವುದೇ ಈ ದನಿಯನ್ನು. ನಾನೂ ಹಾಗೇ ಕಲಿತವಳು. ಬ್ರಿಟನ್ನಿನ ಆಂಡ್ರೂ ಡೇವಿಸ್ ನನ್ನಂತೆಯೇ ಬಹಳ ವರ್ಷ ಪಾಠ ಹೇಳಿ, ಐವತ್ತರ ಆಸುಪಾಸಿನಲ್ಲಿ ಕೆಲಸ ಬಿಟ್ಟು, ಪೂರ್ತಿ ಬರವಣಿಗೆಗೆ ಇಳಿದವರು. 1995ರಲ್ಲಿ ಅವರು ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಅನ್ನು ಆರು ಕಂತು ಮಾಡಿದರು. ಕಾದಂಬರಿ ಶುರುವಾಗುವುದು ಲೇಖಕಿಯ ಒಂದು ಪ್ರಸಿದ್ಧ ವಾಕ್ಯದಿಂದ. ಧಾರಾವಾಹಿ ಶುರುವಾಗುವುದು ಬಯಲಿನಲ್ಲಿ ಓಡುವ ಎರಡು ಕುದುರೆಗಳಿಂದ. ಆ ವಾಕ್ಯ ಆಮೇಲೆ ನಾಯಕಿಯ ಬಾಯಲ್ಲಿ, ಮನೆಮಂದಿಯ ನಡುವಿನ ಮಾತಾಗಿ ಬರುತ್ತದೆ. ಗೆಳತಿಯೊಬ್ಬಳು ತಂದುಕೊಟ್ಟ ಡಿಸ್ಕಿನಲ್ಲಿ ಆ ಮೊದಲ ಐದು ನಿಮಿಷವನ್ನು ಎಷ್ಟು ಸಲ ನೋಡಿದ್ದೇನೋ. ಹೇಳುವುದನ್ನು ಬಿಡು, ತೋರಿಸು ಎಂಬುದನ್ನು ನಾನು ಅಲ್ಲಿಂದಲೇ ಕಲಿತೆ. ಅದಕ್ಕೇ ಗಳಗನಾಥರ ‘ವಾಚಕರೇ’ಗಳನ್ನೆಲ್ಲ ಮೊದಲ ಕರಡಿನಲ್ಲೇ ಹೊಡೆದು ಹಾಕಿದ್ದೆ.

ಕಾಕಾ ಅವನ್ನು ಓದಿದರು. ಪ್ರತಿಸಲ ‘ವಾಚಕರೇ’ ಬಂದಾಗ ಪುಸ್ತಕ ಕೆಳಗಿಳಿಸಿ, ನೆಲ ನೋಡುತ್ತ ಕೂತ ನನ್ನ ಕಡೆ ತಿರುಗಿ, ದನಿ ಒಂದಿಷ್ಟು ತಗ್ಗಿಸಿ ಹೇಳುತ್ತಿದ್ದರು. ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಕರೆದದ್ದು ಮಾತ್ರ ಕೇಳುತ್ತಿತ್ತು. ಒಂದು ಮಧ್ಯಾಹ್ನ ಹೊಳೆಯಿತು: ಇದು ಮನೆ ಬಾಗಿಲಿಗೆ ಬಂದು ನಿಂತವರ ದನಿ. ಗಳಗನಾಥರು ಶಾಲೆಯ ಮಾಸ್ತರಿಕೆ ಮಾಡಿದವರು, ತಾವೇ ಬರೆದ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ವಿಜಯನಗರ ಬಿದ್ದ ಈ ಕಥೆಯನ್ನೂ ಅವರು ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯಿಂದ ಕನ್ನಡಕ್ಕೆ ಹೊಂದಿಸಿಕೊಂಡು ತಂದರು. ಅಂದರೆ ಅವರೂ ನನ್ನ ಕಸುಬಿನವರೇ, ಹಿರಿಯರು. ಅವರನ್ನು ಅವರ ಕಥೆಯಿಂದಲೇ ಹೊರಗೆ ಹಾಕಲು ಹೊರಟಿದ್ದೆ ನಾನು.

ಈಗ ಮೊದಲ ದೃಶ್ಯ ಬೇರೆ. 1565ರ ಯುದ್ಧವಿಲ್ಲ, ಆನೆ ಕುದುರೆಯಿಲ್ಲ. ವರದಾ ನದಿಯ ದಂಡೆಯ ದಾರಿ, ಧೂಳು, ಗಂಟು ಹೊತ್ತ ಒಬ್ಬ ಮಾಸ್ತರ. ಹಳ್ಳಿಯ ಕಟ್ಟೆಗೆ ಬಂದು ಗಂಟು ಬಿಚ್ಚುತ್ತಾನೆ.

ಗಳಗನಾಥರು ತೀರಿಕೊಂಡದ್ದು 1942ರಲ್ಲಿ. ಲೇಖಕರ ನಂತರ 60 ವರ್ಷ ಇರುವ ಹಕ್ಕು ಎಂದೋ ಮುಗಿದಿದೆ, ನಾನು ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ. ಆದರೂ ಮನಸ್ಸು ಕೇಳದೆ ಹಾವೇರಿ ಕಡೆಯ ಅವರ ಗಳಗನಾಥಕ್ಕೆ ಹೋಗಿಬಂದೆ. ವರದೆ ತುಂಗಭದ್ರೆಯನ್ನು ಕೂಡುವ ಊರು. ಗಳಗೇಶ್ವರನ ಗುಡಿ ನನಗೆ ಮಸುಕು ಬೂದಿ ಬಣ್ಣದ ಗುಡ್ಡೆಯಂತೆ ಕಂಡಿತು. ನಮ್ಮ ಯಜಮಾನರು ಕಂಬ ಕಂಬಕ್ಕೂ ನಿಂತು, ಏನಿದೆ, ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಹೇಳಿದರು. ಬ್ಯಾಂಕಿನಲ್ಲಿ ಲೆಕ್ಕ ಬರೆದ ಅವರು ಹೀಗೆ ವರ್ಣಿಸಬಲ್ಲರೆಂದು ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ತಿಳಿಯಿತು. ದಿನಕ್ಕೆ ಆರು ಸಲ ಕಣ್ಣಿಗೆ ಹನಿ ಹಾಕಿದ ಕೈಯೂ ಅವರದೇ.

ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ರಾಣೆಬೆನ್ನೂರಿನ ಹುಡುಗಿ ರಾತ್ರಿ ನಾನು ಹೇಳಿದ್ದನ್ನೆಲ್ಲ ಟೈಪ್ ಮಾಡಿದಳು. ಕೇಳಿ ಸುಮ್ಮನೆ ಟೈಪ್ ಮಾಡುವವಳಲ್ಲ. ಅಂತಃಪುರದ ದೃಶ್ಯವೊಂದಕ್ಕೆ ಕೈ ನಿಲ್ಲಿಸಿ, ‘ಬಾಯಾರ, ಇಲ್ಲಿ ಹೆಂಗಸ್ರು ಜಗಳಾ ಮಾಡಾಕತ್ತಾರೋ, ಪುರಾಣಾ ಓದಾಕತ್ತಾರೋ?’ ಅಂತ ಕೇಳಿದಳು. ಆ ರಾತ್ರಿಯೇ ನಾಲ್ಕು ಪುಟ ಹೊಸದಾಗಿ ಬರೆಸಿದೆ.

ಅವಳ ಮಾತಿಗೆ ನನಗೆ ಗದಗಿನ ಒಬ್ಬ ಹಿರಿಯ ನಟಿ ನೆನಪಾದರು. ಕಂಪನಿ ನಾಟಕದಲ್ಲಿ ಬೆಳೆದವರು, ಅಕ್ಷರ ಬಾರದವರು. ನನ್ನ ಎರಡನೆಯ ಧಾರಾವಾಹಿಯಲ್ಲಿ ಅಜ್ಜಿಯ ಪಾತ್ರ ಮಾಡಿದರು. ಮಾತನ್ನು ಕೇಳಿಯೇ ಬಾಯಿಪಾಠ ಮಾಡುತ್ತಿದ್ದರು. ‘ಉಸರ ಹಿಡೀಲಾರದ ಮಾತ ಬರೀಬ್ಯಾಡವಾ’ ಎಂದು ಸೆಟ್ಟಿನಲ್ಲಿ ನನ್ನ ಕೈಹಿಡಿದು ಹೇಳಿದ್ದರು. ಆಗ ನಮ್ಮ ಧಾರವಾಡದ ಮಾತು ಟಿವಿಯಲ್ಲಿ ಬಂದರೆ ಅಡುಗೆಯವನ ಬಾಯಲ್ಲಿ, ಕಾವಲುಗಾರನ ಬಾಯಲ್ಲಿ, ನಗಿಸುವುದಕ್ಕೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಿ, ‘ಅಳುವ ದೃಶ್ಯದಲ್ಲೂ ಇದೇ ಭಾಷೆ ಇರಲಿ’ ಎಂದು ವಾದಿಸಿ, ಸೋತು ಬಂದ ದಿನಗಳುಂಟು. ಅಂಥ ಹೊತ್ತಿನಲ್ಲಿ ಆ ಅಜ್ಜಿ ಸಾವಿನ ಮನೆಯ ದೃಶ್ಯವನ್ನು ಶುದ್ಧ ಗದಗಿನ ಮಾತಿನಲ್ಲಿ ಹೇಳಿ ಮುಗಿಸಿದಾಗ ಸೆಟ್ಟಿನಲ್ಲಿ ಯಾರೂ ನಗಲಿಲ್ಲ. ಆಮೇಲೆ ನನ್ನ ನಾಯಕಿಯರಿಗೂ ಆ ಭಾಷೆ ಸಿಕ್ಕಿತು. ಆ ಅಜ್ಜಿ ಈಗಿಲ್ಲ. ಆ ಋಣ ಇಲ್ಲಿ ಬರೆದಿಡುತ್ತೇನೆ.

ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟಕ್ಕೂ ನನ್ನ ನಮಸ್ಕಾರ. ಕಾಲೇಜು ಹುಡುಗಿಯಾಗಿದ್ದಾಗ ಅಲ್ಲಿಯ ಪುಸ್ತಕಗಳ ನಡುವೆ ನಿಂತೇ ನಾನು ಕಾದಂಬರಿಯ ರುಚಿ ಹತ್ತಿಸಿಕೊಂಡದ್ದು.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಪಡಸಾಲೆಯಲ್ಲಿ ಮೊದಲ ಕಂತಿನ ಓದು. ಹುಬ್ಬಳ್ಳಿಯ ವೈದ್ಯರು ಬರುತ್ತೇನೆಂದಿದ್ದಾರೆ, ಹಿತ್ತಲ ಮನೆಯ ಹುಡುಗ ಲೈನ್ ಬಜಾರಿನಿಂದ ಪೇಡೆ ತರುತ್ತಾನೆ. ಹೆಂಗಸರ ಮಾತೆಲ್ಲ ರಾಣೆಬೆನ್ನೂರಿನವಳು ಓದುತ್ತಾಳೆ. ಗಂಟು ಬಿಚ್ಚುವ ಮಾಸ್ತರನ ಮಾತು ಕಾಕಾ ಅವರದು. ‘ನಾ ಓದಾವಲ್ಲ’ ಎಂದು ನಿನ್ನೆಯೂ ಅಂದರು. ಆದರೆ ಪುಟ ಒಂದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದಾರೆ.